‘ನೀರು ಹಾರ್ಸೋದು’ ಅಂದ್ರೆ ಸ್ಪ್ರಿಂಕ್ಲರ್: ತಲೆಗೆ ಪೆಟ್ಟಾದ ಮೇಲೆ ಪದ ಸಿಗ್ದೇ ಇದ್ರೆ

ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಕಡೆಯವ್ರು. ನಮ್ಮ ಯಜಮಾನ್ರಿಗೆ 47 ವರ್ಷ. ಫೆಬ್ರವರಿಲಿ ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ತಲೆ ಎಡಗಡೆ ಪೆಟ್ಟಾಯ್ತು, ಒಳಗೆ ರಕ್ತ ಹೆಪ್ಪುಗಟ್ಟಿದೆ ಅಂದ್ರು, ಆಪರೇಶನ್ ಬೇಕಾಗ್ಲಿಲ್ಲ. ಎಂಟು ತಿಂಗಳಾಯ್ತು. ನಡೀತಾರೆ, ತೋಟಕ್ಕೂ ಹೋಗ್ತಾರೆ, ಆದ್ರೆ ಪದ ಸಿಗಲ್ಲ. ಸ್ಪ್ರಿಂಕ್ಲರ್ ಅನ್ನೋಕೆ ‘ಅದು... ಅದು... ನೀರು ಹಾರ್ಸೋದು’ ಅಂತಾರೆ. ಮೊನ್ನೆ ನನ್ನನ್ನೇ ಅವ್ರ ತಂಗಿ ಹೆಸ್ರಲ್ಲಿ ಕರೆದ್ರು. ನೆಂಟ್ರು ಜ್ಞಾಪಕಶಕ್ತಿ ಹೋಯ್ತು ಅಂತಾರೆ. ಮಗ ಒಂದನೇ ಕ್ಲಾಸ್ ಪುಸ್ತಕದ ಚಿತ್ರ ತೋರ್ಸಿ ಕೇಳಿದ್ರೆ ಸಿಟ್ಟಲ್ಲಿ ಎದ್ದು ಹೋಗ್ತಾರೆ. ಮನೇಲಿ ಕೊಡವ ತಕ್ಕ್ ಬಿಟ್ಟು ಕನ್ನಡ ಒಂದೇ ಇಟ್ಕೊಳಿ, ತಲೆಗೆ ಭಾರ ಕಮ್ಮಿ ಅಂತ ಒಬ್ರು ಹೇಳಿದ್ರು. ಪದ ಸಿಗದಾಗ ನಾನೇ ಹೇಳ್ಬಿಡ್ಬೇಕಾ, ಕಾಯ್ಬೇಕಾ? ಸುಗ್ಗಿ ಹಬ್ಬ ಪುತ್ತರಿಗೆ ನಮ್ಮ ಕುಟುಂಬದ ಮೂಲಮನೆ ಐನ್‌ಮನೆಗೆ ಕರ್ಕೊಂಡು ಹೋಗ್ಬಹುದಾ?

ಉತ್ತರ: ಅಕ್ಕ, ಮೊದ್ಲು ಆ ಜ್ಞಾಪಕಶಕ್ತಿ ವಿಷ್ಯ ಮುಗಿಸ್ಬಿಡೋಣ, ಯಾಕಂದ್ರೆ ಮನೆಯವ್ರೆಲ್ಲ ಅದೇ ನಂಬಿದ್ರೆ ಮುಂದೆ ನಾನು ಏನು ಹೇಳಿದ್ರೂ ಉಪಯೋಗ ಇಲ್ಲ. ‘ನೀರು ಹಾರ್ಸೋದು’ ಅಂದವ್ರಿಗೆ ಸ್ಪ್ರಿಂಕ್ಲರ್ ಮರ್ತು ಹೋಗಿದೆಯಾ? ಅದು ಏನು, ಯಾತಕ್ಕೆ, ಕಾಫಿ ಹೂ ಅರಳಿಸೋ ಹೂಮಳೆ ಕೈಕೊಟ್ರೆ ಯಾವ ಬ್ಲಾಕಿಗೆ ಮೊದ್ಲು ಹೊಡೀಬೇಕು, ಪೈಪ್ ಹೆಂಗೆ ಜೋಡ್ಸೋದು, ಎಲ್ಲಾ ಗೊತ್ತಿದೆ. ನೀವು ‘ಸ್ಪ್ರಿಂಕ್ಲರಾ, ಪಲ್ಪರಾ?’ (ಪಲ್ಪರ್ ಅಂದ್ರೆ ಕಾಫಿ ಹಣ್ಣಿನ ಸಿಪ್ಪೆ ಬಿಡ್ಸೋ ಯಂತ್ರ) ಅಂತ ಎರಡು ಹೆಸ್ರು ಕೊಟ್ಟು ನೋಡಿ, ನೂರಕ್ಕೆ ತೊಂಬತ್ತು ಪಾಲು ಸರಿಯಾದದ್ದನ್ನೇ ಹಿಡೀತಾರೆ. ವಸ್ತು ಗೊತ್ತು, ಹೆಸ್ರು ಒಳಗೇ ಇದೆ, ಎರಡರ ನಡುವಿನ ದಾರಿಲಿ ಮರ ಬಿದ್ದಿದೆ ಅಷ್ಟೇ. ಮಳೆಗಾಲದಲ್ಲಿ ರಸ್ತೆ ಮೇಲೆ ಮರ ಬಿದ್ರೆ ಊರೇ ಇಲ್ಲ ಅಂತೀವಾ, ಸುತ್ತಿ ಬಳಸಿ ಹೋಗ್ತೀವಲ್ಲ. ಅವ್ರು ‘ನೀರು ಹಾರ್ಸೋದು’ ಅಂದಿದ್ದು ಅದೇ ಬಳಸು ದಾರಿ, ಯಾರೂ ಹೇಳಿಕೊಡದೆ ಅವ್ರೇ ಹುಡುಕ್ಕೊಂಡಿದ್ದು.

ಮಾತಿನ ಜಾಗ ಮಿದುಳಿನ ಎಡಗಡೆ ಇರೋದು ಅಂತ 1860ರ ದಶಕದಲ್ಲೇ ಪ್ಯಾರಿಸ್‌ನ ಡಾಕ್ಟರ್ ಪಾಲ್ ಬ್ರೋಕಾ ತೋರಿಸಿದ್ರು, ಅವ್ರ ರೋಗಿ ಒಬ್ಬನಿಗೆ ಏನೇ ಕೇಳಿದ್ರೂ ಬಾಯಲ್ಲಿ ‘ಟಾನ್’ ಅಂತ ಒಂದೇ ಶಬ್ದ ಬರ್ತಿತ್ತು, ಆದ್ರೆ ಎದುರಿಗಿದ್ದವ್ರು ಹೇಳಿದ್ದು ಬಹಳಷ್ಟು ಅರ್ಥ ಆಗ್ತಿತ್ತು. ಬಲಗೈ ಬಳಸೋ ಹೆಚ್ಚಿನವ್ರಿಗೆ ಭಾಷೆ ಎಡಗಡೆನೇ. ನಿಮ್ಮ ಯಜಮಾನ್ರದ್ದು ಅಷ್ಟು ಕಷ್ಟದ ಸ್ಥಿತಿ ಅಲ್ಲ, ವಾಕ್ಯ ಸರಾಗ ಬರತ್ತೆ, ನಡುವೆ ಹೆಸ್ರು ಬರೋ ಕಡೆ ಸಿಕ್ಕಾಕ್ಕೊಳ್ಳತ್ತೆ. ಮೇಲಿಂದ ಬಿದ್ದಾಗ ಮಿದುಳಿನ ಮುಂಭಾಗ, ಕಿವಿ ಪಕ್ಕದ ಭಾಗ ಇವೆರಡಕ್ಕೇ ಜಾಸ್ತಿ ಏಟು, ಯಾಕಂದ್ರೆ ತಲೆಬುರುಡೆ ಒಳಗೆ ಅಲ್ಲಿನ ಮೂಳೆ ಒರಟು. ಅದ್ರ ಜೊತೆ ಮಿದುಳಿನ ಒಳಗಿನ ನರತಂತುಗಳು ಜಗ್ಗಿರ್ತವೆ, ಅದ್ರಿಂದ ಯೋಚ್ನೆ ಓಡೋ ವೇಗನೂ ಕಮ್ಮಿ ಆಗಿರತ್ತೆ. ತಲೆಗೆ ಪೆಟ್ಟಾದವ್ರಿಗೆ ಗಲಾಟೆ ಇದ್ರೆ, ಸುಸ್ತಾದ್ರೆ, ಯಾರಾದ್ರೂ ಅವಸರ ಮಾಡಿದ್ರೆ ಅರ್ಧ ಗಂಟೆ ಹಿಂದೆ ಬಂದ ಪದನೂ ಬರಲ್ಲ. ಬೆಳಿಗ್ಗೆ ಚೆನ್ನಾಗಿ ಮಾತಾಡ್ತಾರೆ ಸಂಜೆ ಬೇಕಂತ್ಲೇ ಹಿಂಗಾಡ್ತಾರೆ ಅಂತ ಯಾರಾದ್ರೂ ಅಂದ್ರೆ ಅದಕ್ಕೆ ಉತ್ತರ ಇದೇ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಹೇಳ್ಬಿಡ್ಬೇಕಾ ಕಾಯ್ಬೇಕಾ. ಇದನ್ನ ನನ್ನ ಕೇಳೋ ಬದ್ಲು ಅವ್ರನ್ನೇ ಕೇಳಿ. ನಿಜವಾಗ್ಲೂ. ಆರಾಮಾಗಿ ಕೂತಿದ್ದಾಗ ಒಂದು ಒಪ್ಪಂದ ಮಾಡ್ಕೊಳಿ, ಸಹಾಯ ಬೇಕಾದಾಗ ಅವ್ರು ಬೆರಳೆತ್ತಿದ್ರೆ ನೀವು ಬಾಯಿ ಹಾಕೋದು, ಇಲ್ಲಾಂದ್ರೆ ಸುಮ್ನೆ ಮುಖ ನೋಡ್ಕೊಂಡು ಕಾಯೋದು. ಐದಾರು ಸೆಕೆಂಡ್ ಅಂದ್ರೆ ಕೇಳೋಕೆ ಏನೂ ಇಲ್ಲ ಅನ್ಸತ್ತೆ, ಕಾಯ್ತಾ ಕೂತಾಗ ಗೊತ್ತಾಗತ್ತೆ ಎಷ್ಟು ಉದ್ದ ಅಂತ, ಮನಸ್ಸಲ್ಲಿ ಹತ್ತರ ತನಕ ಎಣಿಸಿ ಬೇಕಾದ್ರೆ. ಬೆರಳೆತ್ತಿದ್ರೂ ನೇರ ಪದ ಕೊಟ್ಬಿಡ್ಬೇಡಿ, ಒಂದೊಂದೇ ಮೆಟ್ಲು ಇಳೀರಿ. ಮೊದ್ಲು ‘ಯಾತಕ್ಕೆ ಬಳಸೋದು, ಎಲ್ಲಿರತ್ತೆ’ ಅಂತ ಕೇಳಿ. ಬರ್ಲಿಲ್ವಾ, ಅರ್ಧ ವಾಕ್ಯ ಕೊಡಿ, ‘ಕಾಫಿಗೆ ಸಕ್ಕರೆ ಬದ್ಲು ನಾವು ಹಾಕೋದು...’ ಅಂತ ನಿಲ್ಸಿದ್ರೆ ಬೆಲ್ಲ ತಾನಾಗೇ ಬಾಯಿಗೆ ಬರತ್ತೆ ಎಷ್ಟೋ ಸಲ. ಆಮೇಲೆ ಮೊದಲಕ್ಷರ. ಆಮೇಲೆ ಎರಡರಲ್ಲಿ ಒಂದು ಆರಿಸೋದು. ಕೊನೆಗೆ ಪದವನ್ನೇ ಹೇಳಿ, ಅವ್ರ ಬಾಯಲ್ಲೂ ಒಂದ್ಸಲ ಹೇಳ್ಸಿ ಮಾತು ಮುಂದುವರ್ಸಿ. ಗ್ಯಾಸ್ ಉರೀತಿದೆ, ಹಾಲು ಉಕ್ತಿದೆ ಅನ್ನುವಾಗ ಇದ್ಯಾವ್ದೂ ಬೇಡ, ಹೇಳ್ಬಿಡಿ.

ಇನ್ನೊಂದು ವಿಷ್ಯ ಇದೆ, ಇದಂತೂ ನಮ್ಮ ಭಾಷೆ ಕೊಟ್ಟಿರೋ ಅನುಕೂಲ. ಕನ್ನಡದಲ್ಲಿ ಹೆಸ್ರು ಮುಂಚೆ ಬರತ್ತೆ, ಕ್ರಿಯಾಪದ ಕೊನೆಗೆ. ಹಂಗಾಗಿ ಅವ್ರು ಶುರುವಲ್ಲೇ ಸಿಕ್ಕಾಕ್ಕೊಂಡ್ರೆ ಕೇಳೋರಿಗೆ ಸುಳಿವೇ ಇರಲ್ಲ. ಆದ್ರೆ ಅದೇ ಕ್ರಿಯಾಪದದ ಕೊನೆಗೆ ‘-ಓದು’ ಅನ್ನೋ ಬಾಲ ಸೇರ್ಸಿದ್ರೆ ಯಾವ ವಸ್ತುವಿಗಾದ್ರೂ ಹೆಸ್ರು ರೆಡಿ ಆಗತ್ತೆ, ಕಡಿಯೋದು, ಹಾರ್ಸೋದು, ಒರ್ಸೋದು, ಹೊದ್ಕೊಳ್ಳೋದು. ಹೆಸ್ರು ಹೋದ ಎಷ್ಟೋ ಜನಕ್ಕೆ ಕ್ರಿಯಾಪದ ಸುಲಭವಾಗಿ ಸಿಗತ್ತೆ. ‘ಮೊದ್ಲು ಏನು ಮಾಡ್ಬೇಕು ಅನ್ನೋದು ಹೇಳಿ, ಯಾವ್ದು ಅಂತ ಆಮೇಲೆ ನೋಡೋಣ’ ಅಂತ ಅವ್ರಿಗೆ ಹೇಳಿ. ‘ತಗೊಂಡ್ಬಾ... ಕಡಿಯೋದು’ ಅಂದ್ರೆ ಕತ್ತಿ ತಗೊಂಡು ಬನ್ನಿ, ‘ಏನು ಬೇಕು, ಸರಿಯಾಗಿ ಹೆಸ್ರು ಹೇಳಿ’ ಅಂತ ನಿಂತ್ಕೋಬೇಡಿ. ಅರ್ಥ ಆಗಿದ್ರೂ ಆಗದವ್ರ ತರ ನಟಿಸೋದು ದೊಡ್ಡ ತಪ್ಪು, ಅದು ಅವ್ರಿಗೆ ಗೊತ್ತಾಗತ್ತೆ ಕೂಡ. ಮಾತಾಡುವಾಗ ಕೈ ಆಡಿಸೋದನ್ನೂ ತಡೀಬೇಡಿ, ಕತ್ತಿ ಬೀಸೋ ತರ ಕೈ ಮಾಡಿದ್ರೆ ಒಂದೊಂದ್ಸಲ ಕೈ ಹಿಂದೆ ಪದನೂ ಬರತ್ತೆ.

ಕೊಡವ ತಕ್ಕ್ ಬಿಡಿ ಅಂದವ್ರು ಯಾರೋ ಗೊತ್ತಿಲ್ಲ, ದಯವಿಟ್ಟು ಬಿಡ್ಬೇಡಿ. ಈ ವಿಷ್ಯದಲ್ಲಿ ನಾನೇ ಒಂದು ಪೆದ್ದು ಕೆಲಸ ಮಾಡಿದ್ದೀನಿ, ಹೇಳ್ತೀನಿ. ನಾನು ಕುಶಾಲನಗರ ಕಡೆ ಹುಟ್ಟಿದ್ದು, ಮನೇಲಿ ಕನ್ನಡ. ಮಾತಿನ ಚಿಕಿತ್ಸೆ ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಬ್ಬ ಕೊಡವ ಹಿರಿಯರಿಗೆ ಚಿತ್ರ ತೋರ್ಸಿ ಹೆಸ್ರು ಕೇಳ್ತಿದ್ದೆ. ಹುಲಿ ಚಿತ್ರ ಬಂತು. ಅವ್ರು ‘ನರಿ’ ಅಂದ್ರು. ನಾನು ತಪ್ಪು ಅಂತ ಗುರುತು ಹಾಕಿ, ಪಕ್ಕದಲ್ಲಿ ‘ಒಂದು ಪ್ರಾಣಿ ಬದ್ಲು ಇನ್ನೊಂದು’ ಅಂತ ಬೇರೆ ಬರ್ದೆ, ದೊಡ್ಡ ವಿಷ್ಯ ಕಂಡು ಹಿಡಿದವ್ರ ಹಾಗೆ. ಹೊರಗೆ ಕೂತಿದ್ದ ಅವ್ರ ಸೊಸೆ ನೋಡಿ ನಕ್ಕು, ‘ನಮ್ಮಲ್ಲಿ ಹುಲಿಗೆ ನರಿ ಅಂತಲೇ ಅನ್ನೋದು, ನರಿ ಮಂಗಲ ಕೇಳಿಲ್ವಾ?’ ಅಂದ್ರು. ಹುಲಿ ಹೊಡೆದವ್ನಿಗೆ ಮದುವೆ ಗಂಡಿನ ತರ ಸಿಂಗಾರ ಮಾಡಿ ಗೌರವಿಸ್ತಿದ್ದ ಹಳೇ ಪದ್ಧತಿ ಅದು, ಕೊಡಗಲ್ಲೇ ಬೆಳೆದ ನಂಗೆ ತಲೆಗೆ ಹೊಳೀಲಿಲ್ಲ. ಆ ಹಿರಿಯರು ಸರಿಯಾದ ಉತ್ತರನೇ ಕೊಟ್ಟಿದ್ರು, ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ತಮ್ಮ ಭಾಷೆಲಿ ಅಷ್ಟೇ.

ಎರಡು ಮೂರು ಭಾಷೆ ಬಲ್ಲವ್ರಿಗೆ ಪೆಟ್ಟಾದ್ರೆ ಯಾವ್ದು ಮೊದ್ಲು ವಾಪಸ್ ಬರತ್ತೆ ಅಂತ ನೂರು ವರ್ಷದ ಮೇಲಿಂದ ಚರ್ಚೆ ಇದೆ. 1880ರ ದಶಕದಲ್ಲಿ ಫ್ರಾನ್ಸಿನ ರಿಬೋ ಅನ್ನೋವ್ರು ಚಿಕ್ಕಂದಿನಲ್ಲಿ ಕಲಿತದ್ದು ಉಳಿಯತ್ತೆ ಅಂದ್ರು, 1895ರಲ್ಲಿ ಪಿತ್ರ್ ಅನ್ನೋವ್ರು ಅಲ್ಲಪ್ಪಾ, ಪೆಟ್ಟಾಗೋ ಮುಂಚೆ ಜಾಸ್ತಿ ಬಳಸ್ತಿದ್ದ ಭಾಷೆನೇ ಮೊದ್ಲು ಅಂದ್ರು. ಇಬ್ರೂ ಪೂರ್ತಿ ಗೆದ್ದಿಲ್ಲ, ಒಬ್ಬೊಬ್ಬರಲ್ಲಿ ಒಂದೊಂದು ತರ, ಹೆಚ್ಚಿನವ್ರಲ್ಲಿ ಎಲ್ಲ ಭಾಷೆನೂ ಜೊತೆಜೊತೆಗೇ ಸುಧಾರಿಸತ್ತೆ. ನಿಮ್ಮ ಮನೆಲಿ ಹೆಂಗೂ ಕೊಡವ ತಕ್ಕ್, ಆಳುಗಳ ಹತ್ರ ಕನ್ನಡ, ತೋಟದ ಸಾಮಾನಿಗೆಲ್ಲ ಇಂಗ್ಲಿಷ್, ಒಂದೇ ವಾಕ್ಯದಲ್ಲಿ ಮೂರೂ ಬರ್ತಿರತ್ತೆ, ಮುಂಚೆ ಹೆಂಗಿತ್ತೋ ಹಂಗೇ ಇರ್ಲಿ. ಕನ್ನಡದಲ್ಲಿ ಸಿಗದ ಪದ ಕೊಡವದಲ್ಲಿ ಸಿಕ್ರೆ ಅದು ಗೆಲುವೇ. ಮೊದಲಕ್ಷರದ ಸುಳಿವು ಕೊಡುವಾಗ ಮಾತ್ರ ಹುಷಾರು. ಅವ್ರು ಒಳಗೆ ಕೊಡವದ ‘ಪಾಲ್’ ಹುಡುಕ್ತಿದ್ದಾರೆ, ನೀವು ಹಾಲು ಅಂತ ‘ಹಾ... ಹಾ...’ ಅಂತಿದ್ದೀರ, ಅದು ಸಹಾಯ ಅಲ್ಲ, ತೆರೀತಿರೋ ಬಾಗಿಲಿಗೆ ಅಡ್ಡ ನಿಂತ ಹಾಗೆ.

ಸುತ್ತಿ ಬಂದು ಪದ ಹಿಡಿಯೋದು ಹೆಂಗೆ ಅಂತ ಒಂದು ಉದಾಹರಣೆ ಹೇಳ್ತೀನಿ. ಪದದ ಸುತ್ತ ಇರೋ ಗುಣಗಳನ್ನ ಒಂದೊಂದಾಗಿ ಹೇಳ್ಸೋ ಈ ವಿಧಾನ 1980ರ ದಶಕದಲ್ಲಿ ತಲೆಗೆ ಪೆಟ್ಟಾದವ್ರಿಗೇ ಅಂತ ಶುರುವಾಗಿದ್ದು, ಆಮೇಲೆ ಪಾರ್ಶ್ವವಾಯು ಆದವ್ರಿಗೂ ಬಂತು. ಎಪ್ಪತ್ತರ ಹತ್ರದ ಒಬ್ರು ಅಜ್ಜಿ, ಬಚ್ಚಲಲ್ಲಿ ಜಾರಿ ಬಿದ್ದು ಪೆಟ್ಟಾಗಿತ್ತು. ಹಂದಿ ಮಾಂಸದ ಪಂದಿ ಕರಿ ಮಾಡೋದು ಹೇಳ್ತಾ ಹೇಳ್ತಾ ಕೊನೆಗೆ ಬಂದು ನಿಂತ್ಬಿಟ್ರು. ‘ಆಮೇಲೆ ಅದು ಹಾಕ್ಬೇಕು... ಅದು... ಅಯ್ಯೋ.’ ಮಗಳು ಹೇಳೋಕೆ ಹೊರಟ್ಲು, ನಾನು ಕೈ ತೋರ್ಸಿ ತಡೆದೆ. ಎಲ್ಲಿ ಇಟ್ಟಿರ್ತೀರ ಅಜ್ಜಿ? ‘ಒಲೆ ಮೇಲ್ಗಡೆ, ಬಾಟ್ಲಿ.’ ಬಣ್ಣ? ‘ಕಪ್ಪು. ಕಾಡಿಗೆ ತರ.’ ಯಾವಾಗ ಮಾಡೋದು? ‘ಮಳೇಲಿ. ಹಣ್ಣು ಬಿದ್ದಾಗ. ಕುದಿಸಿ ಕುದಿಸಿ.’ ನಾಲಿಗೆಗೆ ಹೆಂಗಿರತ್ತೆ? ಮುಖ ಕಿವುಚಿದ್ರು, ನಿಜವಾಗ್ಲೂ ಬಾಯಲ್ಲಿ ಇಟ್ಕೊಂಡವ್ರ ಹಾಗೆ. ‘ಹುಳಿ. ಪುಳಿ. ಪುಳಿ... ಕಾಚಂಪುಳಿ!’ ಅಂತ ಟೇಬಲ್ ಮೇಲೆ ಕೈ ಬಡಿದ್ರು. ಮಗಳು ಮುಂಚೆನೇ ಹೇಳಿದ್ದಿದ್ರೆ ‘ಹೂಂ ಅದೇ’ ಅಂತ ಮುಗೀತಿತ್ತು. ತಾವೇ ನಡೆದು ಹೋಗಿ ತಲುಪಿದ್ರಿಂದ ಮುಂದಿನ ಸಲ ಆ ದಾರಿ ಸ್ವಲ್ಪ ಸಲೀಸು. ಒಂದು ವೇಳೆ ಪದ ಬರದೇ ಇದ್ರೂ ಎದುರಿಗಿರೋವ್ರಿಗೆ ಯಾವ್ದು ಅಂತ ತಿಳಿದುಬಿಡತ್ತೆ, ಆ ಲಾಭ ಬೇರೆ.

ಮಗನಿಗೆ ಬೈಬೇಡಿ, ಪಾಪ ಅವ್ನು ಪ್ರೀತಿಯಿಂದ ಮಾಡ್ತಿರೋದು. ಆದ್ರೆ ಆ ಪುಸ್ತಕ ಕಪಾಟಿಗೆ ಸೇರ್ಲಿ. ಇಪ್ಪತ್ತೈದು ವರ್ಷ ತೋಟ ನಡೆಸಿದ ಮನುಷ್ಯನಿಗೆ ಒಂಟೆ, ಅಗಸ ತೋರ್ಸಿ ‘ಇದೇನಪ್ಪಾ ಹೇಳಿ’ ಅಂದ್ರೆ ಯಾರಿಗಾದ್ರೂ ಸಿಟ್ಟು ಬರತ್ತೆ. ಅಭ್ಯಾಸ ಮಾಡಿದ ಪದಗಳು ಸುಧಾರಿಸ್ತವೆ, ಮಾಡದೇ ಇದ್ದದ್ದು ಅಷ್ಟಾಗಿ ಇಲ್ಲ, ಇದು ಈ ಚಿಕಿತ್ಸೆಯ ಮಿತಿ, ಮುಚ್ಚಿಡೋದಿಲ್ಲ. ಹಾಗಿದ್ಮೇಲೆ ಒಂಟೆ ಅಭ್ಯಾಸ ಮಾಡಿ ನಾಪೋಕ್ಲಲ್ಲಿ ಏನು ಮಾಡೋಣ? ಅವ್ರಿಗೆ ದಿನಾ ಬೇಕಾಗೋ ಹದಿನೈದು ಇಪ್ಪತ್ತು ಪದ ಅವ್ರೇ ಆರಿಸ್ಲಿ. ಮಗನ ಕೈಗೆ ಫೋನ್ ಕೊಟ್ಟು ಅಪ್ಪನ ಜೊತೆ ತೋಟಕ್ಕೆ ಕಳ್ಸಿ, ಮೋಟ್ರು, ಗೊಬ್ಬರ ಚೀಲ, ಕಣ, ಪಲ್ಪರ್, ಏಣಿ, ಎಲ್ಲ ನಿಮ್ಮದೇ ತೋಟದ್ದು ಫೋಟೋ ತೆಗೆದು ಒಂದೇ ಆಲ್ಬಮ್‌ನಲ್ಲಿ ಹಾಕ್ಲಿ. ದಿನಕ್ಕೆ ಇಪ್ಪತ್ತು ನಿಮಿಷ, ಬೆಳಿಗ್ಗೆ ಕಾಫಿ ಆದ್ಮೇಲೆ, ಅದೇ ಪದಗಳು, ಎರಡು ಮೂರು ವಾರ. ಬಂದದ್ದನ್ನ ವಾಕ್ಯದಲ್ಲಿ ಬಳಸ್ಲಿ, ಬರೀ ಹೆಸ್ರು ಒಪ್ಪಿಸಿದ್ರೆ ಸಾಲ್ದು. ಆ ಆಲ್ಬಮ್ ಅಂಗಡಿಲೂ ಉಪಯೋಗ, ಹಾರ್ಡ್‌ವೇರ್ ಅಂಗಡಿಯವ್ನ ಮುಂದೆ ತಡವರಿಸೋ ಬದ್ಲು ಫೋಟೋ ತೋರ್ಸಿ ‘ಇದು ಎರಡು ಬೇಕು’ ಅಂದ್ರೆ ಆಯ್ತು. ಇದು ಮೋಸ, ಹಿಂಗೆ ಮಾಡಿದ್ರೆ ಸೋಮಾರಿ ಆಗ್ತಾರೆ ಅನ್ನೋರಿದ್ದಾರೆ, ಕನ್ನಡಕ ಹಾಕಿದ್ರೆ ಕಣ್ಣು ಸೋಮಾರಿ ಆಗತ್ತೆ ಅಂದಹಾಗೆ.

ಶನಿವಾರ ಆಳುಗಳಿಗೆ ಕೂಲಿ ಬಟವಾಡೆ ಅವ್ರೇ ಮಾಡ್ತಾರಾ? ಅಲ್ಲೇ ಜಾಸ್ತಿ ಅವಮಾನ ಆಗ್ತಿರಬಹುದು ಅಂತ ನನ್ನ ಊಹೆ, ಹತ್ತು ಹದಿನೈದು ಜನ ಎದುರು ನಿಂತಿರ್ತಾರೆ, ಹೆಸ್ರು ಕರೀಬೇಕು. ಚೆಕ್‌ರೋಲ್ ಬುಕ್ (ಆಳುಗಳ ಹಾಜರಿ ಪುಸ್ತಕ) ತೆರೆದಿಟ್ಕೊಂಡು ನೋಡಿ ಓದ್ಲಿ. ಬಾಯಿಗೆ ಬರದ ಪದ ಕಣ್ಣೆದುರು ಬರಹದಲ್ಲಿ ಕಂಡ್ರೆ ಓದೋಕೆ ಬರತ್ತೆ ಎಷ್ಟೋ ಜನಕ್ಕೆ. ಕೆಲವ್ರು ಅಂಗೈ ಮೇಲೆ ಬೆರಳಲ್ಲಿ ಮೊದಲಕ್ಷರ ಬರ್ಕೊಂಡು ಪದ ಎಳೀತಾರೆ, ಅದೂ ಪ್ರಯತ್ನ ಮಾಡ್ಲಿ.

ಪುತ್ತರಿಗೆ ಖಂಡಿತ ಕರ್ಕೊಂಡು ಹೋಗಿ. ಮನೇಲಿ ಕೂರ್ಸಿದ್ರೆ ಮಾತು ಇನ್ನೂ ಕಮ್ಮಿ ಆಗತ್ತೆ. ಆದ್ರೆ ಐನ್‌ಮನೆಲಿ ಐವತ್ತು ಜನ, ವಾಲಗ, ಎಲ್ರೂ ಒಟ್ಟಿಗೇ ಮಾತು, ಅದು ಅವ್ರ ತಲೆಗೆ ಸಂತೆ ಇದ್ದ ಹಾಗೆ. ಮಧ್ಯಾಹ್ನ ಒಂದು ಗಂಟೆ ಮಲಗಿಸಿ ಆಮೇಲೆ ಹೊರಡಿ. ಅಲ್ಲಿ ಗೋಡೆ ಬದಿ, ಗಲಾಟೆಗೆ ಬೆನ್ನು ಹಾಕಿ ಕೂರ್ಲಿ, ಒಬ್ರೋ ಇಬ್ರೋ ಬಂದು ಮಾತಾಡ್ಸಿದ್ರೆ ಸಾಕು. ನಿಮ್ಮ ಒಕ್ಕದ, ಅಂದ್ರೆ ಕುಟುಂಬದ, ಒಬ್ಬ ಹಿರಿಯರಿಗೆ ಮುಂಚೆನೇ ಫೋನ್ ಮಾಡಿ, ‘ನಾನ್ಯಾರು ಹೇಳು ನೋಡೋಣ’ ಅಂತ ಯಾರೂ ಪರೀಕ್ಷೆ ಮಾಡೋದು ಬೇಡ, ಬಂದವ್ರು ತಮ್ಮ ಹೆಸ್ರು ತಾವೇ ಹೇಳ್ಕೊಂಡು ಮಾತು ಶುರು ಮಾಡ್ಲಿ ಅಂತ ತಿಳ್ಸಿ. ಗದ್ದೇಲಿ ಕದಿರು ಕೊಯ್ಯುವಾಗ ‘ಪೊಲಿ ಪೊಲಿ ದೇವಾ’ ಅಂತ ಎಲ್ರೂ ಕೂಗುವಾಗ ಅವ್ರ ಬಾಯಲ್ಲೂ ತಡವರಿಸದೆ ಬಂದ್ರೆ ನೀವು ಆಶ್ಚರ್ಯ ಪಡ್ಬೇಡಿ, ಚಿಕ್ಕಂದಿನಿಂದ ಕೂಗಿ ರೂಢಿ ಆಗಿರೋ ಮಾತು, ವಾರದ ದಿನ, ಎಣಿಕೆ, ಹಾಡು ಇವೆಲ್ಲ ಪದ ಹುಡುಕೋ ದಾರಿಲಿ ಬರೋದೇ ಇಲ್ಲ. ‘ನೋಡಿ, ಮನಸ್ಸು ಮಾಡಿದ್ರೆ ಬರತ್ತೆ’ ಅಂತ ನೆಂಟ್ರು ಅಂದ್ರೆ ಈ ವ್ಯತ್ಯಾಸ ಹೇಳಿ.

ಹಬ್ಬದ ಗ್ಲಾಸ್ ಮಾತ್ರ ಬೇಡ. ನಮ್ಮ ಕಡೆ ಇದು ಹೇಳೋಕೆ ಕಷ್ಟ, ಕೇಳೋಕೆ ಇನ್ನೂ ಕಷ್ಟ, ಗೊತ್ತು. ತಲೆಗೆ ಪೆಟ್ಟಾದವ್ರಿಗೆ ಫಿಟ್ಸ್ ಬರೋ ಸಾಧ್ಯತೆ ಹೆಂಗೂ ಇರತ್ತೆ, ಕುಡಿತ ಅದನ್ನ ಹೆಚ್ಚಿಸತ್ತೆ, ಫಿಟ್ಸ್ ಮಾತ್ರೆ ಜೊತೆಗಂತೂ ಆಗ್ಲೇ ಬಾರ್ದು. ಒಂದು ಪೆಗ್‌ಗೇ ಮಾತೂ ತೊದಲತ್ತೆ.

ಮಾತ್ರೆ ಅಂದಾಗ ನೆನಪಾಯ್ತು, ಯಾವ ಮಾತ್ರೆ ತಗೋತಿದ್ದಾರೆ ಅಂತ ನೀವು ಬರ್ದಿಲ್ಲ. ಫಿಟ್ಸಿಗೆ ಕೊಡೋ ಮಾತ್ರೆಗಳಲ್ಲಿ ಟೋಪಿರಾಮೇಟ್ ಅನ್ನೋದು ಪದ ಸಿಗದೇ ಇರೋ ತೊಂದ್ರೆಯನ್ನ ತಾನೇ ತರಬಹುದು. ಚೀಟಿಲಿ ಆ ಹೆಸ್ರಿದ್ರೆ ಡಾಕ್ಟ್ರ ಹತ್ರ ಮಾತಾಡಿ, ನೀವಾಗೇ ನಿಲ್ಲಿಸ್ಬೇಡಿ, ದಿಢೀರ್ ನಿಲ್ಸಿದ್ರೆ ಫಿಟ್ಸ್ ಬರಬಹುದು. ಬಾದಾಮಿ ತಿನ್ಲಿ, ಒಳ್ಳೇದೇ, ಅದ್ರಿಂದ ಪದ ಬರತ್ತೆ ಅಂತ ಕಾಯೋದು ಬೇಡ. ನೆನಪಿನ ಶಕ್ತಿ ಸಿರಪ್‌ಗೆ ದುಡ್ಡು ಹಾಕ್ಬೇಡಿ. ಕಿವಿ ಒಂದ್ಸಲ ಪರೀಕ್ಷೆ ಮಾಡ್ಸಿ, ಬಿದ್ದಾಗ ಕಿವಿಗೂ ಏಟಾಗಿರಬಹುದು. ನಿದ್ದೆ ಕೆಟ್ಟಿದೆಯಾ, ಮೊದ್ಲಿನ ಹಾಗೆ ಯಾರ ಜೊತೆನೂ ಬೆರೀತಿಲ್ವಾ, ತಮ್ಮಷ್ಟಕ್ಕೆ ಅಳ್ತಾರಾ ನೋಡಿ, ಖಿನ್ನತೆ ಇದ್ರೆ ಅದಕ್ಕೂ ಔಷಧಿ ಇದೆ. ಇನ್ನು ಇದ್ದಕ್ಕಿದ್ದ ಹಾಗೆ ಮಾತು ಹಿಂದಿಗಿಂತ ಕೆಟ್ರೆ, ತಲೆನೋವು ಜಾಸ್ತಿ ಆಗ್ತಾ ಹೋದ್ರೆ, ಮಂಪರು, ಬಾಯಿ ಸೊಟ್ಟ, ಕೈಕಾಲು ಸೋಲು ಇವುಗಳಲ್ಲಿ ಯಾವ್ದು ಕಂಡ್ರೂ ಕೂಡ್ಲೇ ಆಸ್ಪತ್ರೆ, ನಾಳೆ ನೋಡೋಣ ಅನ್ಬೇಡಿ.

ಎಂಟು ತಿಂಗಳಾಯ್ತು ಇನ್ನು ಆಗಲ್ಲ ಅಂದ್ರಾ ಯಾರಾದ್ರೂ? ಮೊದಲ ಮೂರರಿಂದ ಆರು ತಿಂಗಳು ವೇಗ ಜಾಸ್ತಿ ಅನ್ನೋದು ನಿಜ, ಆಮೇಲೆ ನಿಂತು ಹೋಗತ್ತೆ ಅನ್ನೋದು ಸುಳ್ಳು, ವರ್ಷಗಳ ತನಕ ನಿಧಾನಕ್ಕೆ ಸುಧಾರಿಸ್ತಾ ಹೋಗೋದು ನಾನೇ ನೋಡ್ತಿದ್ದೀನಿ. ಮೈಸೂರು ಮಾನಸಗಂಗೋತ್ರಿಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಆಟೋದವ್ರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದ್ರೆ ಸಾಕು, 1965ರಿಂದ ಇರೋ ಕೇಂದ್ರ ಸರ್ಕಾರದ ಸಂಸ್ಥೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ದೊಡ್ಡವ್ರ ಮಾತಿನ ತೊಂದ್ರೆಗೂ ಅಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಇದೆ. ಒಂದ್ಸಲ ಹೋಗಿ ಪೂರ್ತಿ ಪರೀಕ್ಷೆ ಮಾಡ್ಸಿ, ವಾರವಾರ ಬರೋಕಾಗಲ್ಲ ಅಂತ ಹೇಳಿ ಮನೇಲಿ ಮಾಡೋದು ಬರ್ಸ್ಕೊಂಡು ಬನ್ನಿ, ವಿಡಿಯೋ ಕಾಲ್‌ನಲ್ಲಿ ಮುಂದುವರ್ಸೋಕೆ ಆಗತ್ತಾ ಅಂತ್ಲೂ ಕೇಳಿ. ಸ್ಕ್ಯಾನ್ ರಿಪೋರ್ಟ್, ಮಾತ್ರೆ ಚೀಟಿ ಜೊತೆ ಮನೇಲಿ ಯಾವ ಭಾಷೆ ಅನ್ನೋದನ್ನ ಮೊದಲನೇ ಮಾತಲ್ಲೇ ಹೇಳ್ಬಿಡಿ, ನರಿ ಕಥೆ ನೆನಪಿದೆಯಲ್ಲ. ಮುಂದೆಯೂ ತೊಂದ್ರೆ ಶಾಶ್ವತವಾಗಿ ಉಳಿದ್ರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಲಿ ಇಂಥ ಮಾತಿನ ಸಮಸ್ಯೆಯನ್ನೂ ಸೇರ್ಸಿದ್ದಾರೆ, ಅದಕ್ಕೆ ಕಾರ್ಡ್ ಸಿಗತ್ತೆ, ಈಗ್ಲೇ ಅದ್ರ ಯೋಚ್ನೆ ಬೇಡ.

ಕೊನೆಗೆ, ನಿಮ್ಮನ್ನ ತಂಗಿ ಹೆಸ್ರಲ್ಲಿ ಕರೆದ ವಿಷ್ಯ. ನೀವು ಒಂದೇ ಸಾಲಲ್ಲಿ ಬರ್ದಿದ್ದೀರ, ಆದ್ರೆ ಅದೇ ಜಾಸ್ತಿ ಚುಚ್ಚಿರೋದು ಅಂತ ಅನ್ನಿಸ್ತು. ಪದಗಳಲ್ಲೆಲ್ಲ ಮನುಷ್ಯರ ಹೆಸ್ರೇ ಸಿಗೋದು ಕಷ್ಟ. ಬಡಗಿ ಅಂದ್ರೆ ಉಳಿ, ಮರ, ಗರಗಸ ಅಂತ ಹಿಡ್ಕೊಳ್ಳೋಕೆ ಹತ್ತು ಕೊಂಬೆ ಇದೆ, ಒಬ್ರ ಹೆಸ್ರಿಗೆ ಅಂಥ ಕೊಂಬೆ ಯಾವ್ದೂ ಇಲ್ಲ. ಆಮೇಲೆ ನೋಡಿ, ಅವ್ರ ಬಾಯಿಗೆ ಬಂದಿದ್ದು ಬ್ಯಾಂಕಿನ ಮ್ಯಾನೇಜರ್ ಹೆಸ್ರಲ್ಲ, ತಂಗಿದು. ಮನೆ ಹೆಣ್ಮಕ್ಕಳು, ಹತ್ರದವ್ರು ಅನ್ನೋ ಗುಂಪಿಗೆ ಸರಿಯಾಗೇ ಹೋಗಿ ಪಕ್ಕದ ಬಾಗಿಲು ತಟ್ಟಿದ್ದಾರೆ. ಪೆಟ್ಟೇ ಆಗದ ನಮ್ಮಮ್ಮ ನನ್ನ ಕರೆಯೋಕೆ ಮುಂಚೆ ಅಣ್ಣ, ಚಿಕ್ಕಪ್ಪ, ನಾಯಿ ಮೂರೂ ಹೆಸ್ರು ಮುಗಿಸ್ತಾರೆ. ಹಂಗಾದಾಗ ತಿದ್ದೋಕೆ ಹೋಗ್ದೆ ‘ಹಾಂ, ಏನು?’ ಅಂತ ಓಗೊಟ್ಬಿಡಿ. ನಿಮ್ಮ ಹೆಸ್ರು ಆ ಇಪ್ಪತ್ತು ಪದದ ಪಟ್ಟಿಲಿ ಮೊದ್ಲು ಬರ್ಲಿ, ನಿಮ್ಮ ಫೋಟೋ ಆಲ್ಬಮ್‌ನಲ್ಲಿ ಪಂಪ್‌ಸೆಟ್‌ಗಿಂತ ಮುಂಚೆ ಇರ್ಲಿ. ಪಟ್ಟಿ ರೆಡಿ ಆದ್ಮೇಲೆ ನಂಗೂ ಒಂದು ಫೋಟೋ ತೆಗೆದು ಕಳ್ಸಿ, ಪಕ್ಕದಲ್ಲಿ ಕೊಡವ ಪದನೂ ಬರೀರಿ, ಯಾವ್ದಕ್ಕೆ ತಪ್ಪು ಹಾಕ್ಬಾರ್ದು ಅಂತ ನಂಗೂ ಗೊತ್ತಾಗ್ಲಿ.